ಗೇಟಿಗೆ ಮುಖಮಾಡಿ ನಿಂತ ಕಾರು

ಮಾವನ ಮನೆಗೆ ಹೋದಾಗ ಕಾರನ್ನು
ಯಾವಾಗಲೂ ಗೇಟಿಗೆ ಮುಖಮಾಡಿಯೇ ನಿಲ್ಲಿಸುತ್ತೇನೆ.
ಕೀಲಿ ಕೈಚೀಲದಲ್ಲಲ್ಲ, ಮುಷ್ಟಿಯಲ್ಲಿ.
ಅಕ್ಟೋಬರ್, ದ್ರಾಕ್ಷಿ ಕೊಯ್ಲು ಮುಗಿದ ಹಬ್ಬ.
ಕಾಖೇತಿಯ ಬಯಲಿನಾಚೆ ಕಾಕಸಸ್ ಸಾಲು
ಆಗಲೇ ಬಿಳಿ ರುಮಾಲು ಸುತ್ತಿಕೊಂಡಿದೆ.

ನಲವತ್ತು ಜನ, ಒಂದೇ ಉದ್ದ ಮೇಜು,
ತಟ್ಟೆಯ ಮೇಲೆ ತಟ್ಟೆ, ಅದರ ಮೇಲೂ ತಟ್ಟೆ.
ಊಟ ಬಲ್ಲವರೂ ಮಾತು ಬಲ್ಲವರೂ ಕೂಡಿದ ಕಡೆ
ನನ್ನ ಮಗನಿಗೆ ಎರಡೂ ಬಾರದು.
ಶಿಯೋ ಬಿಳಿಯದನ್ನು ಮಾತ್ರ ತಿನ್ನುತ್ತಾನೆ,
ಅದೂ ಒಂದಕ್ಕೊಂದು ತಾಗಿರಬಾರದು.
ಡಬ್ಬಿಯಲ್ಲಿ ತಂದಿದ್ದೇನೆ: ಅನ್ನ. ಆಲೂಗಡ್ಡೆ. ನಡುವೆ ಗೋಡೆ.
"ನಮ್ಮ ಅಡುಗೆಯಲ್ಲಿ ವಿಷವಿದೆಯೇನೇ?"
ಝುಝುನಾ ಅತ್ತೆ ನಗುತ್ತಲೇ ಕೇಳುತ್ತಾಳೆ.
ಏಳು ವರ್ಷದಿಂದ ಅದೇ ಪ್ರಶ್ನೆ,
ಏಳು ವರ್ಷದಿಂದ ನಾನೂ ನಗುತ್ತಿದ್ದೇನೆ.

ಅವನ ತಲೆಯ ಮೇಲೆ ಮರ ಕೊಯ್ಯುವವರ ಹಳದಿ ಕಿವಿಮುಚ್ಚಿ,
ತೆಲಾವಿಯ ಹಾರ್ಡ್‌ವೇರ್ ಅಂಗಡಿಯದು, ಚೌಕಾಸಿ ಮಾಡದೆ ಕೊಂಡೆ.
ಮಕ್ಕಳು "ಪೈಲಟ್" ಎಂದು ಕರೆಯುತ್ತಾರೆ.
ಬೈಗುಳವಲ್ಲ ಎಂದುಕೊಂಡಿದ್ದೇನೆ.

ಮೇಜಿನ ತಲೆಯಲ್ಲಿ ಮಾವ ವಾಲಿಕೋ, ಕೊಂಬಿನ ಬಟ್ಟಲು ಹಿಡಿದು.
ನಮ್ಮಲ್ಲಿ ಊಟಕ್ಕೂ ಒಬ್ಬ ಯಜಮಾನ, ತಮಾದಾ.
ಅವನ ಮಾತು ಮುಗಿಯದೆ ಯಾರೂ ಗುಟುಕು ಕುಡಿಯುವಂತಿಲ್ಲ,
ಅವನಂತೂ ಮೇಜು ಬಿಟ್ಟು ಏಳುವಂತೆಯೇ ಇಲ್ಲ.
ದೇವರಿಗೊಂದು ಮಾತು, ನೆಲಕ್ಕೊಂದು,
ಸತ್ತವರಿಗೆ, ಅವರ ಹೆಂಡಿರಿಗೆ.
ವಂಶವೇ ನಾಲಗೆಯ ಮೇಲೆ ನಿಂತಿದೆ;
ಅದರ ಕೊನೆಯ ಕುಡಿಗೆ ಹನ್ನೊಂದೇ ಪದ.
ಅದರಲ್ಲೊಂದು "ಬೇಡ".
ಇನ್ನೊಂದು, ಯಾಕೋ, "ಟ್ರ್ಯಾಕ್ಟರ್".

ಐದನೆಯ ಮಾತು ಮಕ್ಕಳಿಗೆ.
"ನಮ್ಮ ಮಕ್ಕಳೇ ನಮ್ಮ ಗೆಲುವು" ಎಂದ ಮಾವ.
ಗೌಮಾರ್ಜೋಸ್! ನಲವತ್ತು ಗಂಟಲು ಒಂದೇ ಸಲ.
ಗಾಜಿಗೆ ಗಾಜು.
ಆಮೇಲಿನದು ನನಗೆ ಚೂರುಚೂರಾಗಿ ನೆನಪು:
ಅವನ ಮುಷ್ಟಿಯಲ್ಲಿ ಮೇಜುಬಟ್ಟೆಯ ಅಂಚು,
ಉರುಳಿದ ಜಗ್ಗು, ಕೆಂಪು,
ಎಲೇನೆಯ ತೋಳಿನಲ್ಲಿ ಹಲ್ಲಿನ ಅರ್ಧಚಂದ್ರ,
"ಸ್ವಲ್ಪ ಬಿಗಿಯಾಗಿ ಬೆಳೆಸಿದ್ದರೆ" ಎಂಬ ಅರ್ಧ ವಾಕ್ಯ.
ಉಳಿದರ್ಧ ನನಗೆ ಬಾಯಿಪಾಠ.
ಎಲೇನೆಗೆ ಅಯೋಡಿನ್ ಹಚ್ಚಿ, ಅವಳಮ್ಮನ ಕ್ಷಮೆ ಕೇಳಿ
ತಿರುಗಿದರೆ ಶಿಯೋ ಇಲ್ಲ.

ಮೊದಲು ಬಾವಿ ನೋಡಿದೆ.
ನನ್ನಂಥ ತಾಯಂದಿರು ಮೊದಲು ಬಾವಿಯನ್ನೇ ನೋಡುತ್ತೇವೆ.
ಆಮೇಲೆ ರಸ್ತೆ. ಆಮೇಲೆ ನಾಯಿಗೂಡು.
ದ್ರಾಕ್ಷಾರಸದ ಕೊಟ್ಟಿಗೆಯ ಬಾಗಿಲು ಒಂದು ಗೇಣು ತೆರೆದಿತ್ತು.

ಒಳಗೆ ಕುತ್ತಿಗೆವರೆಗೆ ನೆಲದಲ್ಲಿ ಹೂತ ಗುಡಾಣಗಳು.
ಹೊಸ ರಸ ಹುದುಗುತ್ತಾ ತನ್ನಷ್ಟಕ್ಕೆ ಗುಳುಗುಳು ಅನ್ನುತ್ತಿತ್ತು.
ಶಿಯೋ ಬೋರಲು ಮಲಗಿದ್ದ,
ಕಿವಿಮುಚ್ಚಿ ತೆಗೆದು ಪಕ್ಕಕ್ಕಿಟ್ಟು,
ಬರಿಗಿವಿಯನ್ನು ಮರದ ಮುಚ್ಚಳಕ್ಕೊತ್ತಿ.
ಅವನ ಪಕ್ಕದಲ್ಲಿ, ಹಬ್ಬದ ಕೋಟಿನಲ್ಲೇ, ಮಣ್ಣು ನೆಲದ ಮೇಲೆ
ಎಪ್ಪತ್ತಾರರ ಮಂಡಿಗಳನ್ನು ಹೇಗೆ ಮಡಿಸಿದನೋ,
ವಾಲಿಕೋ.
ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟ.

"ಟ್ರ್ಯಾಕ್ಟರ್" ಎಂದ ಶಿಯೋ.
ಮಾವ ಇನ್ನೊಂದು ಸಲ ಕಿವಿಗೊಟ್ಟ. ಅವಸರವಿರಲಿಲ್ಲ.
"ಹೌದು," ಎಂದ. "ದೂರದಲ್ಲಿ. ಏರು ಹತ್ತುತ್ತಿದೆ."
ಇಡೀ ಜೀವಮಾನದಲ್ಲಿ ಅವನಾಡಿದ
ಅತಿ ಚಿಕ್ಕ ಭಾಷಣ ಅದು.

ಅಂಗಳದಲ್ಲಿ ಮೂವತ್ತೇಳು ಜನ
ತುಂಬಿದ ಲೋಟ ಹಿಡಿದು, ತಮಾದಾ ಇಲ್ಲದೆ
ಕುಡಿಯಲೂ ಆಗದೆ, ಇಳಿಸಲೂ ಆಗದೆ
ನಿಂತೇ ಇದ್ದರಂತೆ.

ಏಳನೆಯ ಮಾತಿಗೆ ಮೊದಲೇ ಹೊರಟೆವು.
ಝುಝುನಾ ಕಿಟಕಿಯಿಂದ ಪೊಟ್ಟಣ ತುರುಕಿದಳು:
ವಾಲ್‌ನಟ್ ತುಂಬಿದ ಬದನೆ, ಚೀಸಿನ ರೊಟ್ಟಿ, ಹುಳಿ ಪ್ಲಮ್,
ಒಂದೂ ಬಿಳಿಯದಲ್ಲ, ಎಲ್ಲ ಒಂದಕ್ಕೊಂದು ತಾಗಿಕೊಂಡು.
ಬೆಳಗ್ಗಿನಿಂದ ನಾನು ಏನೂ ತಿಂದಿರಲಿಲ್ಲ.
ಸ್ಟಿಯರಿಂಗ್ ಮೇಲೆ ಒಂದು ಕೈ, ಪೊಟ್ಟಣದಲ್ಲಿ ಒಂದು ಕೈ.

ಗುರ್ಜಾನಿ ದಾಟಿದ ಮೇಲೆ ನೆನಪಾಯಿತು,
ಹಳದಿ ಕಿವಿಮುಚ್ಚಿ ಕೊಟ್ಟಿಗೆಯಲ್ಲೇ ಉಳಿದಿದೆ.
ಹಿಂದಿನ ಸೀಟಿನಲ್ಲಿ ಅವನು
ಕಾರಿನ ಬಾಗಿಲಿಗೆ ಕಿವಿಯಿಟ್ಟು ನಿದ್ದೆಹೋಗಿದ್ದ.
ಕಾರು ತಿರುಗಿಸಲಿಲ್ಲ.
ನವೆಂಬರಿನಲ್ಲಿ ಗುಡಾಣ ತೆರೆಯುತ್ತಾರೆ,
ಹೇಗೂ ಹೋಗಬೇಕು.